ಗಾಜಿನ ಮೇಲಿನ ಪರಾವಲಂಬನೆ

ಮೊಬೈಲಿನ ಪರದೆ ಬೆರಳಿಗೆ ಓಗೊಡುವುದು ಗಾಜಿನ ಮಹಿಮೆಯಿಂದಲ್ಲ. ಗಾಜು ವಿದ್ಯುತ್ತನ್ನು ಹರಿಯಗೊಡದು. ಲೋಹ ಬೆಳಕನ್ನು ಹಾಯಗೊಡದು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ಗಾಜಿನ ಮೇಲಿರುವ, ಕೂದಲೆಳೆಗಿಂತ ನೂರಾರು ಪಟ್ಟು ತೆಳುವಾದ ಒಂದು ಲೇಪನ. ಇಂಡಿಯಂ ಟಿನ್ ಆಕ್ಸೈಡ್ ಎಂಬುದು ಅದರ ಹೆಸರು. ತೂಕದಲ್ಲಿ ಸುಮಾರು ಶೇ 90ರಷ್ಟು ಇಂಡಿಯಂ ಆಕ್ಸೈಡ್, ಉಳಿದದ್ದು ತವರದ ಆಕ್ಸೈಡ್. ಟಿ.ವಿ., ಕಂಪ್ಯೂಟರ್ ಪರದೆಗಳು, ಕೆಲವು ಬಗೆಯ ಸೌರಕೋಶಗಳು ಇದನ್ನೇ ನೆಚ್ಚಿವೆ.

ತೊಡಕಿರುವುದು ಇಂಡಿಯಂನ ಅರ್ಥಶಾಸ್ತ್ರದಲ್ಲಿ. ಅದು ಮುಖ್ಯವಾಗಿ ಸತುವಿನ ಅದಿರನ್ನು ಸಂಸ್ಕರಿಸುವಾಗ ಅಲ್ಪ ಪ್ರಮಾಣದಲ್ಲಿ ದೊರೆಯುವ ಉಪೋತ್ಪನ್ನ. ಬೆಲೆ ಏರಿದರೆ ಪೂರೈಕೆ ಹೆಚ್ಚುತ್ತದೆಂಬ ಮೊದಲ ಪಾಠ ಇಲ್ಲಿ ಕುಂಟುತ್ತದೆ. ಚೂರು ಇಂಡಿಯಂಗಾಗಿ ಯಾರೂ ಹೆಚ್ಚು ಸತು ಅಗೆಯುವುದಿಲ್ಲ. ಚಪ್ಪಟೆ ಪರದೆಗಳಿಗೆ ಬೇಡಿಕೆ ಕುದುರಿದಾಗ, 2002ರಲ್ಲಿ ಕಿಲೋಗೆ 200 ಡಾಲರಿಗಿಂತ ಕಡಿಮೆಯಿದ್ದ ಬೆಲೆ 2005ರಲ್ಲಿ 800 ಡಾಲರ್ ದಾಟಿತು. ಈ ಲೋಹದ ಅತಿ ದೊಡ್ಡ ಉತ್ಪಾದಕ ಚೀನಾ. 2025ರ ಫೆಬ್ರುವರಿಯಲ್ಲಿ ಅದು ಇಂಡಿಯಂ ರಫ್ತಿನ ಮೇಲೆ ನಿಯಂತ್ರಣ ಘೋಷಿಸಿತು.

ಇದಕ್ಕೆ ಪರ್ಯಾಯವಾಗಬಲ್ಲ ವಸ್ತುಗಳಲ್ಲೊಂದು ಇಂಗಾಲದ ನ್ಯಾನೊ ಕೊಳವೆ. ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಜಗತ್ತಿನ ಗಮನ ಇದರತ್ತ ಹರಿಯಿತು. ಇಂತಹ ಕೊಳವೆಗಳ ಜಾಲವನ್ನು ಪಾರದರ್ಶಕ ವಿದ್ಯುದ್ವಾಹಕವಾಗಿ ಬಳಸಬಹುದೆಂದು 2004ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ತಂಡ ತೋರಿಸಿತು. ಜಾಲ ಅತಿ ತೆಳುವಾದುದರಿಂದ ಬೆಳಕು ಹಾಯುತ್ತದೆ. ಎಳೆಗಳು ಪರಸ್ಪರ ತಾಗಿರುವುದರಿಂದ ವಿದ್ಯುತ್ ಹರಿಯುತ್ತದೆ. ಬಾಗಿಸಿದರೆ ಇಂಡಿಯಂ ಲೇಪನ ಬಿರುಕು ಬಿಡುತ್ತದೆ, ಇದು ಬಾಗುತ್ತದೆ. ದ್ರವದಲ್ಲಿ ಬೆರೆಸಿ ಸಿಂಪಡಿಸಲೂಬಹುದು.

ಹಾಗಿದ್ದರೂ ಅದು ಪರದೆಗಳನ್ನು ಆಕ್ರಮಿಸಲಿಲ್ಲವೇಕೆ? ಕೊಳವೆ ಕೊಳವೆಯನ್ನು ಸಂಧಿಸುವೆಡೆ ವಿದ್ಯುತ್ತು ತಡೆಯುತ್ತದೆ. ಒಂದೇ ಪದರದ ಕೊಳವೆಗಳನ್ನು ತಯಾರಿಸಿದಾಗ ಸಾಮಾನ್ಯವಾಗಿ ಮೂರರಲ್ಲೊಂದು ಪಾಲಿಗೆ ಮಾತ್ರ ಲೋಹದ ಗುಣ, ಉಳಿದವು ಅರೆವಾಹಕಗಳು. ಹೀಗಾಗಿ ಅಷ್ಟೇ ಪಾರದರ್ಶಕತೆಯಲ್ಲಿ ರೋಧ ಹಲವು ಪಟ್ಟು ಹೆಚ್ಚು. ಇತ್ತ ಇಂಡಿಯಂನ ಮರುಬಳಕೆಯೂ ಬೆಳೆದು, ಹಳೆಯ ವಸ್ತು ತನ್ನ ಸ್ಥಾನ ಉಳಿಸಿಕೊಂಡಿತು. ಹೊಸದಕ್ಕೆ ದಕ್ಕಿದ್ದು ಸಣ್ಣ ಮೂಲೆಗಳು. ಫಿನ್ಲೆಂಡಿನ ಕನಾಟು ಕಂಪೆನಿ ಇದರಿಂದ, ವಾಹನದ ಕ್ಯಾಮೆರಾಗಳ ಮುಂದಿನ ಮಂಜು ಕರಗಿಸುವ ಪಾರದರ್ಶಕ ಹೀಟರುಗಳನ್ನು ತಯಾರಿಸುತ್ತಿದೆ.

ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಇಂಡಿಯಂ ಇದೆ. ಆದರೆ ಇಂತಹ ಲೋಹಕ್ಕಾಗಿ ಗಣಿ ಹುಡುಕುವುದಷ್ಟೇ ನೀತಿಯಾಗಲಾರದು. ಪರ್ಯಾಯಗಳನ್ನು ಜೀವಂತವಾಗಿಡುವುದೂ ಖನಿಜ ಭದ್ರತೆಯೇ. ಅದಕ್ಕೆ ಬೇಕಾದ ಬುದ್ಧಿಶಕ್ತಿ ನಮ್ಮಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಅವರ ತಂಡ, ನ್ಯಾನೊ ಕೊಳವೆಗಳ ಮೇಲೆ ದ್ರವ ಹರಿದರೆ ವಿದ್ಯುತ್ ಹುಟ್ಟುವುದನ್ನು 2003ರಲ್ಲಿಯೇ ತೋರಿಸಿತ್ತು. ಇದೇ ನಗರದ ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ ಲೋಹದ ಸೂಕ್ಷ್ಮ ಜಾಲದಿಂದ ಪಾರದರ್ಶಕ ವಿದ್ಯುದ್ವಾಹಕಗಳನ್ನು ರೂಪಿಸಿದೆ. ಕೊರತೆಯಿರುವುದು ಪ್ರಯೋಗಾಲಯಕ್ಕೂ ಕಾರ್ಖಾನೆಗೂ ನಡುವಿನ ಸೇತುವೆಯಲ್ಲಿ.

ಇಂಡಿಯಂ ಅಗ್ಗವಾಗಿದ್ದಾಗ ಖಾಸಗಿ ಉದ್ಯಮ ಈ ಸೇತುವೆ ಕಟ್ಟದು. ಅದರ ಲೆಕ್ಕದಲ್ಲಿ ಅದು ಸರಿಯೇ. ಆದ್ದರಿಂದಲೇ ಇದು ಸರ್ಕಾರದ ಹೊಣೆ. ಉದ್ಯಮಗಳು ಹಂಚಿಕೊಳ್ಳಬಲ್ಲ ಪ್ರಾಯೋಗಿಕ ತಯಾರಿಕಾ ಘಟಕ, ಬೆಲೆಯ ಏರಿಳಿತಕ್ಕೆ ಕಟ್ಟುಬೀಳದ ದೀರ್ಘಾವಧಿ ಅನುದಾನ, ಇವೆರಡು ತುರ್ತಾಗಿ ಬೇಕು. ಲೆಕ್ಕಪರಿಶೋಧಕರು ಇದನ್ನು ಲಾಭವಿಲ್ಲದ ವೆಚ್ಚವೆನ್ನಬಹುದು. ವಿಮೆಯ ಕಂತನ್ನು ಹಾಗೆ ಅಳೆಯಲಾಗದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಪದ್ಧತಿ, ಮುಂದಿನ ಕೊರತೆ ಎದುರಾದಾಗ ನಮ್ಮನ್ನು ಕಾಯದು.