ತಿಂಗಳಿಗೊಂದು ಕಂತು, ಒಂಬತ್ತು ವರ್ಷದ ಕಥೆ

ಮಕ್ಕಳ ಕೈಯಲ್ಲಿ ಚಿತ್ರಕಥೆಯ ಪುಸ್ತಕ ಕಂಡರೆ ನಮ್ಮಲ್ಲಿ ಅನೇಕ ತಂದೆ-ತಾಯಂದಿರು ಹುಬ್ಬು ಗಂಟಿಕ್ಕುತ್ತಾರೆ. ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದುವ ಸಾಮಗ್ರಿ ಎಂದೇ ಅದಕ್ಕೆ ಹೆಸರು. ಆದರೆ ಜಪಾನಿನಲ್ಲಿ ಅದಕ್ಕಿರುವ ಸ್ಥಾನವೇ ಬೇರೆ. ‘ಮಾಂಗಾ’ ಎಂದು ಕರೆಯುವ ಚಿತ್ರಕಥೆಗಳನ್ನು ಅಲ್ಲಿ ಶಾಲೆಯ ಹುಡುಗರಷ್ಟೇ ಅಲ್ಲ, ಕಚೇರಿಗೆ ಹೋಗುವವರೂ ಓದುತ್ತಾರೆ. ಹುಡುಗರಿಗೆ, ಹುಡುಗಿಯರಿಗೆ, ದೊಡ್ಡವರಿಗೆ ಎಂದು ಬೇರೆ ಬೇರೆ ಪತ್ರಿಕೆಗಳೇ ಇವೆ. ಹುಡುಗರಿಗಾಗಿ ತಿಂಗಳಿಗೊಮ್ಮೆ ಬರುವ ಅಂಥದೊಂದು ಪತ್ರಿಕೆ ‘ಶೋನೆನ್ ಗಾಂಗಾನ್’. ‘ಶೋನೆನ್’ ಎಂದರೆ ಬಾಲಕ. ಈ ಪತ್ರಿಕೆಯನ್ನೂ ಅದರಲ್ಲಿ ಬಂದ ಒಂದು ಧಾರಾವಾಹಿಯನ್ನೂ ಪರಿಚಯ ಮಾಡಿಕೊಂಡರೆ, ಚಿತ್ರಕಥೆಯೆಂದರೆ ಕಾಲಹರಣ ಎಂಬ ಮಾತನ್ನು ಇನ್ನೊಮ್ಮೆ ಯೋಚಿಸಿ ಹೇಳಬೇಕಾಗುತ್ತದೆ.

ವಾರದ ಓಟ, ತಿಂಗಳ ನಡಿಗೆ

ಜಪಾನಿನಲ್ಲಿ ಹುಡುಗರ ಪತ್ರಿಕೆ ಎಂದರೆ ಮೊದಲು ಮಾಸಪತ್ರಿಕೆಯೇ. 1914ರಲ್ಲಿ ಕೋದಾನ್ಶಾ ಪ್ರಕಾಶನ ‘ಶೋನೆನ್ ಕ್ಲಬ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿತು. ಎರಡನೇ ಮಹಾಯುದ್ಧದ ನಂತರ ‘ಶೋನೆನ್’ ಎಂಬ ಇನ್ನೊಂದು ಮಾಸಪತ್ರಿಕೆಯಲ್ಲಿ ಒಸಾಮು ತೆಜುಕಾ ಅವರ ಯಂತ್ರಬಾಲಕ ‘ಆಟಮ್’ 1952ರಿಂದ 1968ರವರೆಗೆ ಮಕ್ಕಳನ್ನು ಮೋಡಿ ಮಾಡಿದ. 1959ರ ಮಾರ್ಚ್‌ನಲ್ಲಿ ‘ಶೋನೆನ್ ಮ್ಯಾಗಜೀನ್’ ಮತ್ತು ‘ಶೋನೆನ್ ಸಂಡೇ’ ಎಂಬ ಎರಡು ವಾರಪತ್ರಿಕೆಗಳು ಹುಟ್ಟಿಕೊಂಡ ಮೇಲೆ ಗಾಳಿ ಬದಲಾಯಿತು. ಮುಂದೆ ಬಂದ ‘ಶೋನೆನ್ ಜಂಪ್’ ವಾರಪತ್ರಿಕೆಯ ಪ್ರಸಾರ 1994ರ ಕೊನೆಯ ಹೊತ್ತಿಗೆ 65 ಲಕ್ಷ ಪ್ರತಿಗಳನ್ನು ದಾಟಿತು.

ಇಂಥ ಓಟದ ನಡುವೆಯೂ ಮಾಸಪತ್ರಿಕೆಗಳು ಉಳಿದುಕೊಂಡವು. ವಾರಪತ್ರಿಕೆಯಲ್ಲಿ ಒಂದು ಕಂತಿಗೆ ಸಿಗುವುದು ಸುಮಾರು 20 ಪುಟ. ಓದುಗ ಮುಂದಿನ ವಾರವೂ ಬರಬೇಕಾದರೆ ಪ್ರತಿ ಕಂತಿನ ಕೊನೆಗೂ ಒಂದು ತಿರುವು ಬೇಕು. ಮಾಸಪತ್ರಿಕೆಯಲ್ಲಿ 40 ಪುಟಗಳಿಗೂ ಹೆಚ್ಚು ಸಿಗುತ್ತವೆ. ಒಂದು ಪ್ರಸಂಗವನ್ನು ಹದವಾಗಿ ಬೆಳೆಸಿ ಮುಗಿಸಲು ಅವಕಾಶವಿದೆ. ಆದರೆ ಓದುಗ ಮೂವತ್ತು ದಿನ ಕಾಯಬೇಕು, ಕಾದರೂ ಕಥೆಯನ್ನು ಮರೆಯಬಾರದು. ಬರೆಯುವವರಿಗೆ ಇದೇ ಪರೀಕ್ಷೆ.

ಗಾಂಗಾನ್ ಹುಟ್ಟಿದ್ದು 1991ರಲ್ಲಿ. ಹೊರತಂದದ್ದು ಹಳೆಯ ಪ್ರಕಾಶನವಲ್ಲ, ‘ಡ್ರ್ಯಾಗನ್ ಕ್ವೆಸ್ಟ್’ ವಿಡಿಯೋ ಆಟದಿಂದ ಹೆಸರಾಗಿದ್ದ ಎನಿಕ್ಸ್ ಎಂಬ ಕಂಪೆನಿ. 2003ರಲ್ಲಿ ಅದು ಸ್ಕ್ವೇರ್ ಎಂಬ ಇನ್ನೊಂದು ಆಟದ ಕಂಪೆನಿಯೊಡನೆ ವಿಲೀನವಾಗಿ ‘ಸ್ಕ್ವೇರ್ ಎನಿಕ್ಸ್’ ಆಯಿತು.

ಓದಲು ಕಲಿಸುವ ಪುಟಗಳು

ಇಂಥ ಪತ್ರಿಕೆಯನ್ನು ಕೈಗೆತ್ತಿಕೊಂಡರೆ ಟೆಲಿಫೋನ್ ಡೈರೆಕ್ಟರಿಯ ನೆನಪಾಗುತ್ತದೆ. ನೂರಾರು ಪುಟಗಳು, ಅಗ್ಗದ ಕಾಗದ. ಮೊದಲ ಕೆಲವು ಪುಟಗಳನ್ನು ಬಿಟ್ಟರೆ ಎಲ್ಲ ಕಪ್ಪು-ಬಿಳುಪು. ಓದುವುದು ಬಲದಿಂದ ಎಡಕ್ಕೆ; ನಮಗೆ ಕೊನೆಯ ಪುಟ ಎನಿಸುವುದು ಅವರಿಗೆ ಮೊದಲ ಪುಟ. ಓದಿ ಮುಗಿಸಿದ ಪತ್ರಿಕೆ ರದ್ದಿಗೆ ಹೋಗುತ್ತದೆ. ಮೆಚ್ಚಿದ ಕಥೆ ಮುಂದೆ ಪುಸ್ತಕವಾಗಿ ಬಂದಾಗ ಕೊಂಡು ಜೋಪಾನವಾಗಿಡುತ್ತಾರೆ.

ಪೋಷಕರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಜಪಾನೀ ಬರವಣಿಗೆಯಲ್ಲಿ ‘ಕಾಂಜಿ’ ಎಂಬ ಚಿತ್ರಲಿಪಿಯ ಅಕ್ಷರಗಳಿವೆ. ಪ್ರಾಥಮಿಕ ಶಾಲೆ ಮುಗಿಸುವಷ್ಟರಲ್ಲಿ ಮಕ್ಕಳು 1,026 ಕಾಂಜಿಗಳನ್ನು ಕಲಿಯಬೇಕು. ದಿನಬಳಕೆಯ ಅಧಿಕೃತ ಪಟ್ಟಿಯಲ್ಲಿ 2,136 ಇವೆ. ಹುಡುಗರ ಪತ್ರಿಕೆಗಳಲ್ಲಿ ಪ್ರತಿ ಕಾಂಜಿಯ ಪಕ್ಕದಲ್ಲೂ ಅದರ ಉಚ್ಚಾರಣೆಯನ್ನು ಸಣ್ಣ, ಸುಲಭ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ಕಥೆಯ ಬೆನ್ನುಹತ್ತಿದ ಹುಡುಗ ತನಗೇ ಗೊತ್ತಿಲ್ಲದಂತೆ ಕಠಿಣ ಅಕ್ಷರಗಳ ಪರಿಚಯ ಮಾಡಿಕೊಳ್ಳುತ್ತಾನೆ.

ಹೈನುಗಾರರ ಮಗಳು

ಗಾಂಗಾನ್‌ಗೆ ಜಗತ್ತಿನಾದ್ಯಂತ ಹೆಸರು ತಂದದ್ದು ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಎಂಬ ಧಾರಾವಾಹಿ. ಹುಡುಗರ ಪತ್ರಿಕೆಯ ಈ ಕಥೆಯನ್ನು ಬರೆದು ಚಿತ್ರಿಸಿದವರು ಒಬ್ಬ ಮಹಿಳೆ. ಹುಟ್ಟಿದ್ದು 1973ರಲ್ಲಿ, ಜಪಾನಿನ ಉತ್ತರ ತುದಿಯ ಹೊಕ್ಕಾಯ್ಡೋ ದ್ವೀಪದ ಹೈನುಗಾರರ ಮನೆಯಲ್ಲಿ. ಹೆಸರು ಹಿರೋಮಿ ಅರಕಾವ. ಹೆಣ್ಣಿನ ಹೆಸರು ಕಂಡರೆ ಹುಡುಗರು ಓದಲು ಹಿಂಜರಿದಾರೆಂದು ‘ಹಿರೋಮು’ ಎಂಬ ಗಂಡು ಹೆಸರನ್ನು ಇಟ್ಟುಕೊಂಡರು.

ಕೃಷಿ ಪ್ರೌಢಶಾಲೆ ಮುಗಿಸಿದ ಮೇಲೆ ಅವರು ಏಳು ವರ್ಷ ಮನೆಯ ಜಮೀನಿನಲ್ಲಿ ದುಡಿದರು. ಜೊತೆಗೆ ತಿಂಗಳಿಗೊಮ್ಮೆ ತೈಲಚಿತ್ರದ ತರಗತಿಗೆ ಹೋಗುತ್ತಿದ್ದರು. 1999ರಲ್ಲಿ, 26ನೇ ವಯಸ್ಸಿನಲ್ಲಿ, ಟೋಕಿಯೋಗೆ ಬಂದು ಇನ್ನೊಬ್ಬ ಚಿತ್ರಕಥೆಗಾರರ ಬಳಿ ಸಹಾಯಕಿಯಾಗಿ ಸೇರಿದರು. ಹೊಸಬರಿಗಾಗಿ ಗಾಂಗಾನ್ ನಡೆಸುತ್ತಿದ್ದ ಸ್ಪರ್ಧೆಯಲ್ಲಿ ಅದೇ ವರ್ಷ ಅವರ ‘ಸ್ಟ್ರೇ ಡಾಗ್’ ಎಂಬ ಕಥೆಗೆ ಬಹುಮಾನ ಬಂತು. ಪತ್ರಿಕೆಯ ಬಾಗಿಲು ತೆರೆಯಿತು. ಇಂದಿಗೂ ಅವರು ತಮ್ಮನ್ನು ಚಿತ್ರಿಸಿಕೊಳ್ಳುವುದು ಕನ್ನಡಕ ಹಾಕಿದ ಹಸುವಿನ ರೂಪದಲ್ಲಿ!

ಕೊಟ್ಟಷ್ಟೇ ಸಿಗುವುದು

ಕಥೆ ಎಡ್ವರ್ಡ್ ಮತ್ತು ಆಲ್ಫಾನ್ಸ್ ಎಂಬ ಅಣ್ಣ-ತಮ್ಮಂದಿರದು. ತೀರಿಹೋದ ತಾಯಿಯನ್ನು ರಸವಿದ್ಯೆಯ ಬಲದಿಂದ ಬದುಕಿಸಿಕೊಳ್ಳಲು ಹೊರಟ ಹುಡುಗರು ಘೋರ ಬೆಲೆ ತೆರುತ್ತಾರೆ. ಅಣ್ಣ ಒಂದು ಕೈ, ಒಂದು ಕಾಲು ಕಳೆದುಕೊಳ್ಳುತ್ತಾನೆ. ತಮ್ಮನ ದೇಹವೇ ಹೋಗಿ, ಆತ್ಮ ಒಂದು ಉಕ್ಕಿನ ಕವಚದಲ್ಲಿ ನೆಲೆಸುತ್ತದೆ. ಏನನ್ನಾದರೂ ಪಡೆಯಬೇಕಾದರೆ ಅಷ್ಟೇ ಬೆಲೆಯದನ್ನು ಕೊಡಬೇಕು ಎಂಬುದು ಅವರ ವಿದ್ಯೆಯ ಮೂಲ ನಿಯಮ. ಈ ನಿಯಮ ಹೊಳೆದದ್ದು ಗ್ರಂಥಗಳಿಂದಲ್ಲ, ಹೊತ್ತಿನ ಊಟಕ್ಕಾಗಿ ಬೆವರು ಸುರಿಸುತ್ತಿದ್ದ ತಮ್ಮ ತಂದೆ-ತಾಯಿಯ ದುಡಿಮೆಯಿಂದ ಎಂದು ಅರಕಾವ ಹೇಳಿಕೊಂಡಿದ್ದಾರೆ. ಕಥೆಯಲ್ಲಿ ಬರುವ ಯುದ್ಧದ ಭಾಗಗಳಿಗಾಗಿ ಅವರು ಯುದ್ಧ ಕಂಡ ಹಿರಿಯರನ್ನು ಮಾತನಾಡಿಸಿದ್ದರು.

ಈ ನಿಯಮ ಬರೆದವರಿಗೂ ತಪ್ಪಲಿಲ್ಲ. ಮೊದಲ ಕಂತು ಬಂದದ್ದು 2001ರ ಆಗಸ್ಟ್ ಸಂಚಿಕೆಯಲ್ಲಿ, ಕೊನೆಯದು 2010ರ ಜುಲೈ ಸಂಚಿಕೆಯಲ್ಲಿ. ಒಟ್ಟು 108 ಕಂತು. ಲೆಕ್ಕ ಹಾಕಿ ನೋಡಿ: ಒಂಬತ್ತು ವರ್ಷಕ್ಕೆ 108 ತಿಂಗಳು. ಅಂದರೆ ಒಂದು ತಿಂಗಳೂ ತಪ್ಪಿಲ್ಲ. 2007ರಲ್ಲಿ ಅವರು ತಾಯಿಯಾದಾಗಲೂ ಓದುಗರು ಕಂತಿಲ್ಲದೆ ಉಳಿಯಲಿಲ್ಲ. ಹಸು ಸಾಕಿದವರಿಗೆ ಗೊತ್ತು, ಹಾಲು ಕರೆಯುವುದಕ್ಕೆ ರಜೆಯಿಲ್ಲ. ಕೊನೆಯ ಕಂತಿದ್ದ ಸಂಚಿಕೆ ಅಂಗಡಿಗಳಲ್ಲಿ ಮುಗಿದುಹೋಗಿ, ಅದನ್ನು ಸೆಪ್ಟೆಂಬರ್ ಸಂಚಿಕೆಯಲ್ಲಿ ಮತ್ತೆ ಮುದ್ರಿಸಬೇಕಾಯಿತು. 27 ಸಂಪುಟಗಳಾಗಿ ಬಂದ ಈ ಕೃತಿಯ ಪ್ರತಿಗಳ ಸಂಖ್ಯೆ 2021ರ ಹೊತ್ತಿಗೆ 8 ಕೋಟಿ ಮುಟ್ಟಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅರಕಾವ ಅದೇ ಪತ್ರಿಕೆಗೆ ಹೊಸ ಧಾರಾವಾಹಿಯೊಡನೆ ಮರಳಿದರು.

ಪೋಷಕರಿಗೊಂದು ಮಾತು

ಈ ಕಥೆಯ ಇಂಗ್ಲಿಷ್ ಅನುವಾದದ ಸಂಪುಟಗಳು ದೊರೆಯುತ್ತವೆ. ಕಂಪ್ಯೂಟರ್, ಮೊಬೈಲ್ ಪರದೆಗಳ ಮೂಲಕವೂ ಮಾಂಗಾ ನಮ್ಮ ಮನೆಗಳನ್ನು ಹೊಕ್ಕಿದೆ. ಎಲ್ಲವೂ ಎಲ್ಲ ವಯಸ್ಸಿಗೂ ಸಲ್ಲುವಂಥದ್ದಲ್ಲ. ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ನಲ್ಲೂ ರಕ್ತಪಾತ, ಯುದ್ಧ, ಸಾವುಗಳಿವೆ, ಚಿಕ್ಕ ಮಕ್ಕಳಿಗೆ ಬೇಡ, ಪ್ರೌಢಶಾಲೆಯ ಮಕ್ಕಳಿಗೆ ಅಡ್ಡಿಯಿಲ್ಲ. ಕಿತ್ತುಕೊಳ್ಳುವ ಮೊದಲು ಒಂದು ಸಂಪುಟವನ್ನು ನೀವೂ ಓದಿ, ಏನು ಇಷ್ಟವಾಯಿತೆಂದು ಮಗನನ್ನೋ ಮಗಳನ್ನೋ ಕೇಳಿ. ಬೈಗುಳಕ್ಕಿಂತ ಆ ಮಾತುಕತೆ ಹೆಚ್ಚು ಕೆಲಸ ಮಾಡೀತು.

ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಪಾಠವಿದೆ. ಬಹುಮಾನ ಬರುವ ಮೊದಲು ಏಳು ವರ್ಷದ ಕೊಟ್ಟಿಗೆ ಕೆಲಸವಿತ್ತು, ತಿಂಗಳಿಗೊಂದು ಚಿತ್ರಪಾಠವಿತ್ತು. ಕಥೆಯ ಕೊನೆಯಲ್ಲಿ ಸಹೋದರರು ತಮ್ಮ ಹಳೆಯ ನಿಯಮವನ್ನೇ ತಿದ್ದಿಕೊಳ್ಳುತ್ತಾರೆ: ಹತ್ತು ಪಡೆದರೆ ತಮ್ಮದೊಂದನ್ನು ಸೇರಿಸಿ ಹನ್ನೊಂದು ಹಿಂದಿರುಗಿಸಬೇಕು ಎಂದು. ಅಷ್ಟು ದೂರ ಬರಲು ಅವರಿಗೂ ಅವರ ಓದುಗರಿಗೂ 108 ತಿಂಗಳು ಹಿಡಿಯಿತು.