ಗಾಳಿಯಂತ್ರಗಳ ರಫ್ತು ವ್ಯಾಪಾರಕ್ಕೆ ಡೆನ್ಮಾರ್ಕ್ ಸರ್ಕಾರದವರ ನೆರವು

ಯೂರೋಪಿನ ಉತ್ತರ ಭಾಗದಲ್ಲಿರುವ ಡೆನ್ಮಾರ್ಕ್ ದೇಶವು ವಿಸ್ತೀರ್ಣದಲ್ಲಿ ಕರ್ನಾಟಕದ ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಕಡಮೆಯಾದುದು. ಹೇಳಿಕೊಳ್ಳತಕ್ಕ ಕಲ್ಲಿದ್ದಲ ಗಣಿಯಾಗಲಿ ವಿದ್ಯುಚ್ಛಕ್ತಿಗೆ ಒದಗತಕ್ಕ ಜಲಪಾತವಾಗಲಿ ಅಲ್ಲಿ ಇಲ್ಲ. ೧೮೮೨ರಲ್ಲಿ ಯೆಡ್ಡಿಂಗ್ ಎಂಬ ಹಳ್ಳಿಯ ರೈತರು ಹಾಲಿನ ಸಹಕಾರ ಸಂಘವನ್ನು ಏರ್ಪಡಿಸಿಕೊಂಡ ಮೇಲೆ, ಬೆಣ್ಣೆಯ ವ್ಯಾಪಾರದಿಂದ ಆ ದೇಶದ ಹೆಸರು ವ್ಯವಸಾಯ ಬಲ್ಲವರಿಗೆಲ್ಲ ಪರಿಚಿತವಾಯಿತು. ಅದೇ ದೇಶವು ಈಗ ಗಾಳಿಯಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸುವ ಯಂತ್ರಗಳನ್ನು ಪರದೇಶಗಳಿಗೆ ಕಳುಹಿಸುವುದರಲ್ಲಿ ಮುಂದಾಗಿರುತ್ತದೆ. ಚಿತ್ರದುರ್ಗ, ಗದಗ ಮೊದಲಾದ ಜಿಲ್ಲೆಗಳ ಗುಡ್ಡಗಳ ಮೇಲೆ ಇಂಥ ಯಂತ್ರಗಳು ನಿಂತಿರುವುದರಿಂದಲೂ, ಅವುಗಳಿಗಾಗಿ ಜಮೀನನ್ನು ಕೇಳಿಕೊಂಡು ಕಂಪೆನಿಯವರು ಹಳ್ಳಿಗಳಿಗೆ ಬರುತ್ತಿರುವುದರಿಂದಲೂ, ಈ ವ್ಯಾಪಾರವು ಹೇಗೆ ಬೆಳೆಯಿತು, ಅದಕ್ಕೆ ಅಲ್ಲಿಯ ಸರ್ಕಾರದವರು ಯಾವ ರೀತಿಯಲ್ಲಿ ಒತ್ತಾಸೆ ಕೊಟ್ಟರು ಎಂಬುದನ್ನು ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ತಿಳಿದಿರುವುದು ಒಳ್ಳೆಯದು.

ಮೊದಲ ಪ್ರಯತ್ನವು ಒಂದು ಹಳ್ಳಿಯ ಪಾಠಶಾಲೆಯಲ್ಲಿ ನಡೆಯಿತು. ಆಸ್ಕೋವ್ ಎಂಬಲ್ಲಿ ರೈತರ ಮಕ್ಕಳಿಗಾಗಿ ನಡೆಯುತ್ತಿದ್ದ ಜನತಾ ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದ ಪೌಲ್ ಲಾ ಕೂರ್ ಎಂಬುವರು ೧೮೯೧ರಲ್ಲಿ ಸರ್ಕಾರದ ಧನಸಹಾಯವನ್ನು ಪಡೆದು ಒಂದು ಗಾಳಿಯಂತ್ರವನ್ನು ಕಟ್ಟಿಸಿ, ಅದರಿಂದ ವಿದ್ಯುಚ್ಛಕ್ತಿಯನ್ನು ತೆಗೆದರು. ಗಾಳಿ ಬೀಸದ ದಿನಗಳಿಗಾಗಿ ಶಕ್ತಿಯನ್ನು ಕೂಡಿಡುವುದು ಹೇಗೆಂಬ ತೊಡಕು ಆಗಲೂ ಇದ್ದಿತು. ಅವರು ಆ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ, ಬಂದ ಜಲಜನಕ ಅನಿಲವನ್ನು ಶೇಖರಿಸಿ, ಅದರಿಂದ ಶಾಲೆಯ ದೀಪಗಳನ್ನು ಉರಿಸಿದರು. ಇದಕ್ಕಿಂತ ಮುಖ್ಯವಾದುದೇನೆಂದರೆ, ಹಳ್ಳಿಯ ತರುಣರಿಗೆ ವಿದ್ಯುತ್ ಕೆಲಸವನ್ನು ಕಲಿಸತಕ್ಕ ತರಗತಿಗಳನ್ನು ಅವರು ನಡೆಸಿದರು. ೧೯೧೮ರ ವೇಳೆಗೆ ಆ ದೇಶದ ಸುಮಾರು ೧೨೦ ಊರುಗಳ ವಿದ್ಯುತ್ ಸ್ಥಾವರಗಳಲ್ಲಿ ೨೦ರಿಂದ ೩೫ ಕಿಲೋವಾಟ್ ಶಕ್ತಿಯ ಗಾಳಿಯಂತ್ರಗಳು ಓಡುತ್ತಿದ್ದವು. ಆ ತರಗತಿಗಳಲ್ಲಿ ಕಲಿತವರಲ್ಲೊಬ್ಬರಾದ ಯೊಹಾನೆಸ್ ಯೂಲ್ ಎಂಬುವರು ೧೯೫೭ರಲ್ಲಿ ಗೇಸರ್ ಎಂಬಲ್ಲಿ ಮೂರು ರೆಕ್ಕೆಗಳುಳ್ಳ ೨೦೦ ಕಿಲೋವಾಟಿನ ಯಂತ್ರವನ್ನು ಕಟ್ಟಿದರು. ಅದು ಹತ್ತು ವರ್ಷ ದೊಡ್ಡ ದುರಸ್ತಿಯಿಲ್ಲದೆ ಓಡಿತು. ಆದರೆ ಆಗ ತೈಲವು ಅಗ್ಗವಾಗಿದ್ದುದರಿಂದ ಅದನ್ನು ಕೇಳುವವರಿಲ್ಲದೆ ೧೯೬೭ರಲ್ಲಿ ನಿಲ್ಲಿಸಲಾಯಿತು.

೧೯೭೩ರಲ್ಲಿ ತೈಲದ ಬೆಲೆ ಏರಿದಾಗ ಡೆನ್ಮಾರ್ಕಿಗೆ ಬಿದ್ದ ಪೆಟ್ಟು ದೊಡ್ಡದು. ಅಲ್ಲಿ ಖರ್ಚಾಗುತ್ತಿದ್ದ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು ಹೊರಗಿನಿಂದ ಬರುತ್ತಿದ್ದ ತೈಲದಿಂದಲೇ ಒದಗುತ್ತಿದ್ದಿತು. ಆಗ ಹಳೆಯ ಗೇಸರ್ ಯಂತ್ರದ ನೆನಪಾದುದು ಮೊದಲು ಬಡಗಿಗಳಿಗೂ ಕಮ್ಮಾರರಿಗೂ. ಕ್ರಿಸ್ಟಿಯನ್ ರೀಸಾಗರ್ ಎಂಬ ಬಡಗಿಯು ತನ್ನ ಮನೆಯ ಹಿತ್ತಿಲಿನಲ್ಲಿಯೇ ಸಣ್ಣ ಯಂತ್ರವೊಂದನ್ನು ನಿಲ್ಲಿಸಿದನು. ಇದನ್ನು ಕಂಡು ಈ ಕೆಲಸಕ್ಕೆ ಕೈಹಾಕಿದವರೆಲ್ಲರೂ ಹೆಚ್ಚುಕಡಮೆ ಒಕ್ಕಲುತನದ ನೆರಳಿನಲ್ಲಿ ಬೆಳೆದವರೇ ಆಗಿದ್ದರೆಂಬುದು ವಿಚಾರಮಾಡತಕ್ಕ ಅಂಶ. ವೆಸ್ಟಾಸ್ ಎಂಬ ಕಂಪೆನಿಯ ಮೂಲವು ೧೮೯೮ರಲ್ಲಿ ಲೆಮ್ ಎಂಬ ಊರಿಗೆ ಬಂದು ನೆಲಸಿದ ಕಮ್ಮಾರನೊಬ್ಬನ ಕುಲುಮೆ. ಆ ಮನೆತನದವರು ಹಾಲಿನ ಕ್ಯಾನುಗಳನ್ನು ತಂಪುಮಾಡುವ ಸಲಕರಣೆಗಳನ್ನೂ ಹೊಲದ ಗಾಡಿಗಳನ್ನೂ ಮಾಡಿ ಮಾರುತ್ತಿದ್ದರು. ಬೋನಸ್ ಎಂಬ ಹೆಸರಿನಿಂದ ಮುಂದೆ ಪ್ರಸಿದ್ಧವಾದ ಕಂಪೆನಿಯು ಬ್ರಾಂಡೆ ಎಂಬಲ್ಲಿ ಹೊಲಗಳಿಗೆ ನೀರು ಹಾಯಿಸುವ ಸಾಮಾನುಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯಿಂದ ಹುಟ್ಟಿತು. ನಾರ್ಡ್‌ಟ್ಯಾಂಕ್ ಎಂಬುವರು ಟ್ಯಾಂಕುಗಳನ್ನು ಮಾಡುತ್ತಿದ್ದವರು. ರೆಕ್ಕೆಗಳನ್ನು ಒದಗಿಸಿದ ಎಲ್. ಎಂ. ಕಂಪೆನಿಯು ಮೊದಲು ಮರದ ಪೀಠೋಪಕರಣಗಳ ಕಾರ್ಖಾನೆಯಾಗಿದ್ದಿತು. ಅಮೆರಿಕ, ಜರ್ಮನಿಗಳಲ್ಲಿ ಅದೇ ಕಾಲದಲ್ಲಿ ವಿಮಾನಶಾಸ್ತ್ರದ ಪಂಡಿತರು ಸರ್ಕಾರದ ಅಪಾರ ಹಣದಿಂದ ಭಾರಿ ಯಂತ್ರಗಳನ್ನು ಕಟ್ಟಿದರು. ಅವುಗಳಲ್ಲಿ ಬಹುಭಾಗ ಬಹುಕಾಲ ಓಡಲಿಲ್ಲ. ಕಮ್ಮಾರರ ಯಂತ್ರವು ತೂಕವಾಗಿಯೂ ಒರಟಾಗಿಯೂ ಇದ್ದರೂ ನಿಂತಿತು.

ಸರ್ಕಾರದವರ ಜಾಣತನವು ಕಂಡುಬರುವುದು ಈ ಹಂತದಲ್ಲಿ. ೧೯೭೮ರಲ್ಲಿ ರೀಸೋ ಎಂಬಲ್ಲಿದ್ದ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಗಾಳಿಯಂತ್ರಗಳ ಪರೀಕ್ಷಾ ಕೇಂದ್ರವೊಂದು ಸ್ಥಾಪಿಸಲ್ಪಟ್ಟಿತು. ಮರುವರ್ಷ, ಅಂದರೆ ೧೯೭೯ರಲ್ಲಿ, ಗಾಳಿಯಂತ್ರವನ್ನು ಕೊಳ್ಳುವವರಿಗೆ ಅದರ ಬೆಲೆಯಲ್ಲಿ ನೂರಕ್ಕೆ ೩೦ರಷ್ಟನ್ನು ಸಹಾಯಧನವಾಗಿ ಕೊಡುವ ಏರ್ಪಾಡಾಯಿತು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ಹಣವನ್ನು ಕೊಟ್ಟುದು ಯಂತ್ರವನ್ನು ಮಾಡುವವನಿಗಲ್ಲ, ಕೊಳ್ಳುವವನಿಗೆ. ಅದೂ ರೀಸೋ ಕೇಂದ್ರದವರು ಪರೀಕ್ಷಿಸಿ ಒಪ್ಪಿದ ಮಾದರಿಯನ್ನು ಕೊಂಡರೆ ಮಾತ್ರ. ಬಿರುಗಾಳಿಯಲ್ಲಿ ತಡೆ ಕೆಟ್ಟು ಕೆಲವು ಯಂತ್ರಗಳು ಚೂರುಚೂರಾದ ಮೇಲೆ, ಒಂದು ತಪ್ಪಿದರೆ ಇನ್ನೊಂದು ಹಿಡಿಯುವಂತೆ ಎರಡು ಬೇರೆಬೇರೆ ತಡೆಗಳಿಲ್ಲದ ಯಂತ್ರಕ್ಕೆ ಒಪ್ಪಿಗೆಯಿಲ್ಲವೆಂದು ಕೇಂದ್ರದವರು ಕಟ್ಟುಮಾಡಿದರು. ಸಹಾಯಧನದ ಪ್ರಮಾಣವನ್ನು ಕ್ರಮೇಣ ಇಳಿಸಿ ೧೯೮೯ರಲ್ಲಿ ಅದನ್ನು ಪೂರ್ತಿಯಾಗಿ ನಿಲ್ಲಿಸಲಾಯಿತು. ಇಲಾಖೆಗಳು ಕೊಡುವ ಸಹಾಯಧನಕ್ಕೆ ಕೊನೆಯ ತಾರೀಖೇ ಇರುವುದಿಲ್ಲವೆಂದು ದೂರುವವರು ಇದನ್ನು ನೋಡಬಹುದು.

ಕೊಂಡವರಲ್ಲಿ ಬಹುಮಂದಿ ರೈತರು; ಒಬ್ಬನಿಂದಾಗದಿದ್ದಲ್ಲಿ ನೆರೆಹೊರೆಯವರು ಸೇರಿ ಸಂಘ ಮಾಡಿಕೊಂಡು ಕೊಂಡರು. ಯಂತ್ರವು ಕೆಟ್ಟರೆ ಮಾಡಿದವನ ಬಾಗಿಲಿಗೆ ಮರುದಿನವೇ ಹೋಗಿ ನಿಲ್ಲುವಷ್ಟು ಹತ್ತಿರದಲ್ಲಿ ಅವರೆಲ್ಲರೂ ಇದ್ದರು. ಅಲ್ಲದೆ, ೧೯೭೮ರಲ್ಲಿ ಏರ್ಪಟ್ಟ ಗಾಳಿಯಂತ್ರಗಳ ಒಡೆಯರ ಸಂಘವು ತನ್ನ ಮಾಸಪತ್ರಿಕೆಯಲ್ಲಿ ಯಾವ ಮಾದರಿಯ ಯಂತ್ರವು ಯಾವ ಊರಿನಲ್ಲಿ ಎಷ್ಟು ವಿದ್ಯುತ್ತನ್ನು ಕೊಟ್ಟಿತೆಂಬ ಲೆಕ್ಕವನ್ನು ತಿಂಗಳು ತಿಂಗಳೂ ಅಚ್ಚುಹಾಕಿಸುತ್ತಿದ್ದಿತು. ತಯಾರಕರ ಜಾಹೀರಾತು ಏನೇ ಹೇಳಲಿ, ಆ ಪಟ್ಟಿಯ ಮುಂದೆ ಸುಳ್ಳು ನಡೆಯುವಂತಿರಲಿಲ್ಲ.

ರಫ್ತು ವ್ಯಾಪಾರದ ಬಾಗಿಲು ತೆರೆದುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಗಾಳಿಯಂತ್ರಕ್ಕೆ ಹಾಕಿದ ಬಂಡವಾಳದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ತೆರಿಗೆಯ ವಿನಾಯಿತಿಯು ೧೯೮೦ರ ದಶಕದ ಮೊದಲಲ್ಲಿ ಅಲ್ಲಿ ದೊರೆಯುತ್ತಿದ್ದುದರಿಂದ, ಹಣವಂತರು ನಾ ಮುಂದೆ ತಾ ಮುಂದೆ ಎಂದು ಬಂದರು. ವಿನಾಯಿತಿಯು ಬಂಡವಾಳಕ್ಕೆ ಸಿಕ್ಕುತ್ತಿದ್ದಿತೇ ಹೊರತು ಉತ್ಪತ್ತಿಯಾದ ವಿದ್ಯುತ್ತಿಗಲ್ಲ. ಹೀಗಾಗಿ ಓಡದ ಯಂತ್ರವೂ ಲಾಭವನ್ನು ತಂದಿತು. ತಮ್ಮ ಊರಿನಲ್ಲಿ ಪರೀಕ್ಷೆಯಾಗಿ ಬಂದಿದ್ದ ಡೆನ್ಮಾರ್ಕಿನ ಯಂತ್ರಗಳು ಅಲ್ಲಿಯ ಅನೇಕ ಯಂತ್ರಗಳಿಗಿಂತ ಚೆನ್ನಾಗಿ ಬಾಳಿ, ಸಾವಿರಗಟ್ಟಲೆ ಮಾರಾಟವಾದವು. ೧೯೮೫ರ ಕೊನೆಗೆ ಅಮೆರಿಕದ ಕೇಂದ್ರ ಸರ್ಕಾರದ ವಿನಾಯಿತಿಯು ಮುಗಿಯಿತು. ಬೇಡಿಕೆಯು ಒಮ್ಮೆಲೇ ಬತ್ತಿತು. ೧೯೮೬ರಲ್ಲಿ ವೆಸ್ಟಾಸ್ ಕಂಪೆನಿಯೇ ಸಾಲಗಾರರಿಗೆ ಹಣ ಕೊಡಲಾರದೆ ನಿಂತಿತು. ಇತರ ವ್ಯಾಪಾರಗಳನ್ನು ಮಾರಿಕೊಂಡು ಮರುವರ್ಷ ಗಾಳಿಯಂತ್ರವೊಂದನ್ನೇ ನಂಬಿ ಪುನಃ ತಲೆಯೆತ್ತಿತು. ಪರರಾಜ್ಯದ ವಿನಾಯಿತಿಯೊಂದನ್ನೇ ನಂಬಿದ ವ್ಯಾಪಾರಕ್ಕೆ ಬುಡವಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಈಗ ರಫ್ತಿಗೆಂದೇ ಸರ್ಕಾರದವರು ಕೊಡುವ ನೆರವಿನ ವಿಚಾರ. ಡೆನ್ಮಾರ್ಕಿನಲ್ಲಿ ೧೯೨೨ರಿಂದ ರಫ್ತು ಸಾಲದ ಜಾಮೀನು ಪದ್ಧತಿಯು ನಡೆದುಬಂದಿದೆ. ೨೦೨೩ರಲ್ಲಿ ಇದನ್ನು ನೋಡಿಕೊಳ್ಳುತ್ತಿದ್ದ ಸಂಸ್ಥೆಯನ್ನು ಬಂಡವಾಳ ಹೂಡುವ ಬೇರೆ ಸರ್ಕಾರಿ ಸಂಸ್ಥೆಗಳೊಂದಿಗೆ ಕೂಡಿಸಿ ಒಂದಾಗಿ ಮಾಡಲಾಯಿತು. ಇದರ ಕ್ರಮವನ್ನು ಸಹಕಾರ ಸಂಘದ ಸಾಲವನ್ನು ಬಲ್ಲವರು ಸುಲಭವಾಗಿ ತಿಳಿಯಬಹುದು. ರೈತನೊಬ್ಬನಿಗೆ ಸಂಘವು ಸಾಲ ಕೊಡುವಾಗ ಅನುಕೂಲಸ್ಥನಾದ ಇನ್ನೊಬ್ಬನ ಜಾಮೀನನ್ನು ಕೇಳುತ್ತದೆಯಷ್ಟೆ. ಹಾಗೆಯೇ, ದೂರದೇಶದವನೊಬ್ಬನು ಡೆನ್ಮಾರ್ಕಿನ ಯಂತ್ರಗಳನ್ನು ಕೊಳ್ಳಬೇಕೆಂದಾಗ, ಅವನಿಗೆ ದೀರ್ಘಕಾಲದ ಸಾಲ ಕೊಡಲು ಬ್ಯಾಂಕಿನವರು ಹಿಂಜರಿಯುತ್ತಾರೆ. ಆಗ ಡೆನ್ಮಾರ್ಕಿನ ಸರ್ಕಾರಿ ಸಂಸ್ಥೆಯು ಸಾಲಕ್ಕೆ ಹೊಣೆಯಾಗುತ್ತದೆ. ಕೊಂಡವನು ತಪ್ಪಿದರೆ ಬ್ಯಾಂಕಿಗೆ ತಾನು ತುಂಬಿಕೊಡುತ್ತದೆ. ಹೊಣೆಗಾಗಿ ಶುಲ್ಕವನ್ನೂ ತೆಗೆದುಕೊಳ್ಳುತ್ತದೆ. ಇದು ದಾನವಲ್ಲ. ಸಿರಿವಂತ ದೇಶಗಳು ಒಂದರ ಮೇಲೊಂದು ಪೈಪೋಟಿಯಿಂದ ಸಾಲವನ್ನು ಸಡಿಲಮಾಡಬಾರದೆಂದು ತಮ್ಮೊಳಗೆ ಮಾಡಿಕೊಂಡಿರುವ ಒಡಂಬಡಿಕೆಯ ಪ್ರಕಾರ, ಕೊಳ್ಳುವವನು ಸಾಮಾನ್ಯವಾಗಿ ಬೆಲೆಯಲ್ಲಿ ನೂರಕ್ಕೆ ೧೫ರಷ್ಟನ್ನು ಮೊದಲೇ ಕೊಡಬೇಕು. ಗಾಳಿ, ಬಿಸಿಲು ಮೊದಲಾದವುಗಳಿಂದ ಶಕ್ತಿಯನ್ನು ತೆಗೆಯುವ ಯಂತ್ರಗಳಿಗೆ ಮಾತ್ರ ಸಾಲ ತೀರಿಸುವ ಅವಧಿಯನ್ನು ೨೦೦೯ರಲ್ಲಿ ೧೮ ವರ್ಷಗಳವರೆಗೂ, ೨೦೨೩ರಲ್ಲಿ ೨೨ ವರ್ಷಗಳವರೆಗೂ ಹೆಚ್ಚಿಸಿದರು. ಖರ್ಚೆಲ್ಲವೂ ಮೊದಲ ದಿನವೇ ಬಿದ್ದು ವರಮಾನವು ಮೆಲ್ಲಗೆ ಬರುವಂಥ ಯಂತ್ರಕ್ಕೆ ಇಂಥ ಉದ್ದನೆಯ ಕಂತು ಅಗತ್ಯವೇ.

ಶಕ್ತಿಯನ್ನು ಮಿಗಿಸುವ ಸಾಮಾನುಗಳ ವ್ಯಾಪಾರವೂ ಇದರ ಜೊತೆಯಲ್ಲಿಯೇ ಬೆಳೆಯಿತು. ೧೯೩೩ರಲ್ಲಿ ಮಾಡ್ಸ್ ಕ್ಲೌಸೆನ್ ಎಂಬುವರು ತಂದೆಯ ಒಕ್ಕಲುಮನೆಯಲ್ಲಿ ಆರಂಭಿಸಿದ ಡಾನ್‌ಫಾಸ್ ಕಂಪೆನಿಯು ಶಾಖವನ್ನು ಹದದಲ್ಲಿಡುವ ಸಾಧನಗಳಿಗೆ ಹೆಸರಾಗಿದೆ. ೧೯೭೯ರ ಶಾಖ ಸರಬರಾಜು ಕಾನೂನಿನಿಂದ ಮನೆಗಳಿಗೆ ಬಿಸಿನೀರಿನ ಕೊಳವೆಗಳನ್ನು ಹಾಕುವ ಕೆಲಸವು ಆ ದೇಶದಲ್ಲೆಲ್ಲ ಹರಡಿ, ಈ ಸಾಧನಗಳಿಗೆ ಮನೆಯಲ್ಲಿಯೇ ಗಿರಾಕಿಗಳು ದೊರೆತರು. ಇಲ್ಲಿಯೂ ಸ್ವದೇಶದ ಬಳಕೆ ಮೊದಲು, ಪರದೇಶದ ಮಾರಾಟ ಆಮೇಲೆ.

ಭಾರತಕ್ಕೆ ಈ ಯಂತ್ರಗಳು ಬಂದುದು ೧೯೮೦ರ ದಶಕದಲ್ಲಿ. ಡೆನ್ಮಾರ್ಕಿನ ಅಭಿವೃದ್ಧಿ ಸಹಾಯ ಶಾಖೆಯಾದ ಡಾನಿಡಾದ ನೆರವಿನಿಂದ ಗುಜರಾತಿನ ಲಾಂಬಾದಲ್ಲಿಯೂ, ತಮಿಳುನಾಡಿನ ಮುಪ್ಪಂದಲ್ ಮತ್ತು ಕಯತ್ತಾರುಗಳಲ್ಲಿಯೂ ದೊಡ್ಡ ಪ್ರಮಾಣದ ಗಾಳಿಯಂತ್ರ ಕ್ಷೇತ್ರಗಳು ಏರ್ಪಟ್ಟವು. ಈ ಸಹಾಯದಿಂದ ಡೆನ್ಮಾರ್ಕಿನ ಕಾರ್ಖಾನೆಗಳಿಗೆ ಹೊಸ ಪೇಟೆಯೊಂದು ದೊರೆಯಿತೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಕೊಟ್ಟವರಿಗೂ ಕೊಂಡವರಿಗೂ ಅದರಿಂದ ಲಾಭವಾಯಿತು. ಕೆಲಕಾಲದ ಮೇಲೆ ಕ್ಯಾಲಿಫೋರ್ನಿಯಾದ ಕಥೆಯೇ ಇಲ್ಲಿಯೂ ನಡೆಯಿತು. ೧೯೯೦ರ ದಶಕದಲ್ಲಿ ಯಂತ್ರದ ಬೆಲೆಯಷ್ಟನ್ನೂ ಮೊದಲ ವರ್ಷವೇ ಸವಕಳಿಯೆಂದು ತೋರಿಸಿ ತೆರಿಗೆಯನ್ನು ಉಳಿಸಿಕೊಳ್ಳಲು ಅವಕಾಶವಿದ್ದುದರಿಂದ, ಗಾಳಿಯ ಹದವನ್ನು ಸರಿಯಾಗಿ ನೋಡದೆ ಯಂತ್ರಗಳನ್ನು ನಿಲ್ಲಿಸಿದವರು ಅನೇಕರು. ದಶಕದ ನಡುವೆ ನುಗ್ಗಿದ ಜನ ಬಹುಬೇಗ ಹಿಂದೆಗೆದರು. ಆ ಮೇಲೆ ೧೯೯೮ರಲ್ಲಿ ಚೆನ್ನೈಯಲ್ಲಿ ಗಾಳಿಶಕ್ತಿಯ ರಾಷ್ಟ್ರೀಯ ಕೇಂದ್ರವು ಸ್ಥಾಪಿತವಾಗಿ, ಕಯತ್ತಾರಿನಲ್ಲಿ ಯಂತ್ರಗಳ ಪರೀಕ್ಷಾ ಕೇಂದ್ರವು ಡೆನ್ಮಾರ್ಕಿನವರ ಸಹಾಯದಿಂದ ಆರಂಭವಾಯಿತು. ಡೆನ್ಮಾರ್ಕಿನಲ್ಲಿ ಸಹಾಯಧನಕ್ಕೆ ಮೊದಲು ಬಂದ ಪರೀಕ್ಷೆಯು ಇಲ್ಲಿ ವಿನಾಯಿತಿಯ ನಂತರ ಬಂದಿತು. ಪೀಠೋಪಕರಣಗಳಿಂದ ರೆಕ್ಕೆಗೆ ಬಂದ ಮೇಲ್ಕಂಡ ಎಲ್. ಎಂ. ಕಂಪೆನಿಯು ಬೆಂಗಳೂರಿಗೆ ಹತ್ತಿರದ ದಾಬಸ್‌ಪೇಟೆಯಲ್ಲಿಯೂ ರೆಕ್ಕೆಗಳ ಕಾರ್ಖಾನೆಯನ್ನು ತೆರೆಯಿತು.

ಯಂತ್ರದ ಜೊತೆಗೆ ಪರೀಕ್ಷೆಯೂ ಜಾಮೀನೂ ಪರದೇಶಕ್ಕೆ ಹೋದವು. ಹೋಗದೆ ಉಳಿದುದು ಒಂದುಂಟು. ಅದು ನೆರೆಯ ರೈತನ ಪಾಲು. ಡೆನ್ಮಾರ್ಕಿನಲ್ಲಿ ೨೦೦೦ದ ಸುಮಾರಿಗೆ ರಾಜಧಾನಿಯ ಮುಂದಿನ ಸಮುದ್ರದಲ್ಲಿ ನಿಲ್ಲಿಸಿದ ಮಿಡ್ಡೆಲ್‌ಗ್ರುಂಡೆನ್ ಎಂಬ ೨೦ ಯಂತ್ರಗಳ ಸಾಲಿನಲ್ಲಿ ಅರ್ಧವು ೮,೦೦೦ಕ್ಕೂ ಹೆಚ್ಚು ಸದಸ್ಯರಿದ್ದ ಸಹಕಾರ ಸಂಘದ್ದಾಗಿದ್ದಿತು. ೨೦೦೮ರ ಕಾನೂನಿನ ಮೇರೆಗೆ, ಹೊಸ ಯಂತ್ರವನ್ನು ನಿಲ್ಲಿಸುವವರು ಕಡಮೆಯೆಂದರೆ ನೂರಕ್ಕೆ ೨೦ರಷ್ಟು ಷೇರುಗಳನ್ನು ಸುತ್ತಣ ನಿವಾಸಿಗಳಿಗೆ ಕೊಳ್ಳಲು ತೆರೆದಿಡಬೇಕಾಗಿದ್ದಿತು. ಈ ಕಟ್ಟಳೆಯು ೨೦೨೦ರವರೆಗೆ ನಡೆಯಿತು. ಆಫ್ರಿಕದ ಕೀನ್ಯಾ ದೇಶದಲ್ಲಿ ತುರ್ಕಾನಾ ಸರೋವರದ ಬಳಿ ನಡೆದುದು ಬೇರೆ. ಅಲ್ಲಿ ಡೆನ್ಮಾರ್ಕಿನ ರಫ್ತು ಜಾಮೀನಿನ ಸಹಾಯದಿಂದ ವೆಸ್ಟಾಸ್ ಕಂಪೆನಿಯ ೩೬೫ ಯಂತ್ರಗಳನ್ನು ನಿಲ್ಲಿಸಿ, ೩೧೦ ಮೆಗಾವಾಟ್ ಶಕ್ತಿಗೆ ಏರ್ಪಾಡು ಮಾಡಲಾಯಿತು. ಯಂತ್ರಗಳು ೨೦೧೭ರಲ್ಲಿಯೇ ಸಿದ್ಧವಾಗಿದ್ದರೂ, ಸುಮಾರು ೪೩೦ ಕಿಲೋಮೀಟರ್ ಉದ್ದದ ತಂತಿಯ ಸಾಲು ಮುಗಿಯದಿದ್ದುದರಿಂದ ೨೦೧೮ರವರೆಗೆ ಸುಮ್ಮನೆ ನಿಂತಿದ್ದವು. ಈ ವಿಳಂಬಕ್ಕೆ ಕೀನ್ಯಾ ಸರ್ಕಾರವು ದಂಡವನ್ನು ತೆರಬೇಕಾಯಿತು. ಈಗ ಯಂತ್ರಗಳು ಚೆನ್ನಾಗಿ ಓಡುತ್ತಿರುವುವು. ಆದರೆ ಅದಕ್ಕಾಗಿ ಕೊಟ್ಟ ೧,೫೦,೦೦೦ ಎಕರೆ ನೆಲವು ದನಗಾಹಿ ಜನರು ತಲೆಮಾರುಗಳಿಂದ ಸಾಮೂಹಿಕವಾಗಿ ಮೇಯಿಸಿಕೊಂಡು ಬಂದಿದ್ದುದು, ಇಲ್ಲಿಯ ಗೋಮಾಳವಿದ್ದಂತೆ. ಅವರು ೨೦೧೪ರಲ್ಲಿ ದಾವೆ ಹೂಡಿದರು. ೨೦೨೧ರಲ್ಲಿ ಮೇರು ಪಟ್ಟಣದ ಭೂ ನ್ಯಾಯಾಲಯವು ಆ ಹಕ್ಕುಪತ್ರಗಳು ಕ್ರಮಬದ್ಧವಾಗಿ ಪಡೆದುವಲ್ಲವೆಂದು ತೀರ್ಪಿತ್ತು, ಒಂದು ವರ್ಷದೊಳಗಾಗಿ ಸರಿಪಡಿಸಬೇಕೆಂದು ಆಜ್ಞೆಮಾಡಿತು.

ಜಮೀನನ್ನು ಗುತ್ತಿಗೆಗೆ ಕೇಳಿಕೊಂಡು ಬಂದವರೊಡನೆ ಕರಾರು ಮಾಡಿಕೊಳ್ಳುವ ಜಮೀನುದಾರರು, ಯಂತ್ರ ನಿಲ್ಲುವ ಸ್ಥಳವಲ್ಲದೆ ದಾರಿಗೂ ತಂತಿಗೂ ಹೋಗತಕ್ಕ ನೆಲವೆಷ್ಟು, ಯಾವ ಸರ್ವೆ ನಂಬರಿನದು ಎಂಬುದನ್ನು ನಕ್ಷೆಯೊಡನೆ ಕರಾರಿನಲ್ಲಿ ಬರೆಸತಕ್ಕದ್ದು. ಉಳಿದ ನೆಲದಲ್ಲಿ ಬೆಳೆ ಇಡುವ ಹಕ್ಕು, ಗುತ್ತಿಗೆಯ ಹಣವು ವರ್ಷ ವರ್ಷಕ್ಕೆ ಏರುವ ಪ್ರಮಾಣ, ಕಂಪೆನಿಯು ಕೈ ಬದಲಾದರೆ ಹೊಣೆ ಯಾರದೆಂಬುದು, ಅವಧಿ ಮುಗಿದ ಮೇಲೆ ಕಾಂಕ್ರೀಟು ತಳಪಾಯವನ್ನು ಯಾರ ಖರ್ಚಿನಿಂದ ಎಷ್ಟು ಆಳದವರೆಗೆ ಕೀಳಬೇಕೆಂಬುದು, ಇವಿಷ್ಟೂ ಬಾಯಿಮಾತಿನಲ್ಲಿ ಉಳಿಯಕೂಡದು. ಗೋಮಾಳದ ಪ್ರಶ್ನೆ ಬಂದಾಗ ಮುಖ್ಯಸ್ಥರು ಒಬ್ಬರೇ ರುಜುಹಾಕದೆ, ಗ್ರಾಮಸಭೆಯನ್ನು ಕರೆದು, ದನಕರುಗಳುಳ್ಳವರ ಅಭಿಪ್ರಾಯವನ್ನು ನಡವಳಿಯ ಪುಸ್ತಕದಲ್ಲಿ ಬರೆಸಿ, ಅದರ ನಕಲನ್ನು ತಾಲ್ಲೂಕು ಕಚೇರಿಗೆ ಕಳುಹಿಸತಕ್ಕದ್ದು.