ಗರ ಬಿದ್ದರಷ್ಟೇ ಸಾಕೆ? ಚೌಕಾಬಾರದಲ್ಲಿ ಗೆಲ್ಲುವ ಜಾಣತನ

ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಮಡಿಕೇರಿ ಬಳಿಯ ಗಾಳಿಬೀಡಿನಂಥ ಊರಿನಲ್ಲಿ ಅಂಗಳಕ್ಕಿಳಿಯುವುದೂ ಕಷ್ಟ. ಕರೆಂಟು ಹೋದರಂತೂ ಟಿ.ವಿ.ಯೂ ಇಲ್ಲ. ಮಕ್ಕಳು "ಬೇಜಾರು" ಎಂದು ರಾಗ ಎಳೆಯುವ ಇಂಥ ಮಧ್ಯಾಹ್ನಗಳಿಗೆ ಹೇಳಿ ಮಾಡಿಸಿದ ಆಟ ನಮ್ಮ ಚೌಕಾಬಾರ. ನಾಲ್ಕು ಕವಡೆ, ಸೀಮೆಸುಣ್ಣದ ಚೂರು, ಕಾಯಿಗೆ ಹುಣಸೆಬೀಜ, ಕಾಫಿಬೀಜ, ಬಳೆಚೂರು ಇದ್ದರೆ ಸಾಕು.

ಆದರೆ ಸೋತಾಗ ನಾವು ಹೆಂಗಸರು ಹೇಳುವುದು ಒಂದೇ ಮಾತು: "ನನ್ನ ಕೈಗೆ ಗರಾನೇ ಬೀಳಲ್ಲ ಅಕ್ಕಾ!" ಗೆದ್ದರೂ ಅದೃಷ್ಟ ಅಂತಲೇ ಅನ್ನುತ್ತೇವೆ. ಕವಡೆ ನಮ್ಮ ಮಾತು ಕೇಳದಿರುವುದು ನಿಜ. ಯಾವ ಕಾಯಿ ನಡೆಸಬೇಕೆಂಬುದು ಮಾತ್ರ ನಮ್ಮ ಬುದ್ಧಿಗೇ ಬಿಟ್ಟದ್ದು.

ಮೊದಲು ಆಟ ನೆನಪು ಮಾಡಿಕೊಳ್ಳೋಣ. ಐದೈದರ 25 ಮನೆ. ನಾಲ್ಕು ಬದಿಯ ನಡುಮನೆಗಳು ಮತ್ತು ಮಧ್ಯದ ಮನೆಗೆ ಅಡ್ಡಗೆರೆ ಹಾಕಿದರೆ ಅವು ಕಟ್ಟೆಮನೆಗಳು, ಅಲ್ಲಿ ಕಡಿಯುವಂತಿಲ್ಲ. ಹೊರಸುತ್ತಿನಲ್ಲಿ 15 ಹೆಜ್ಜೆ, ಒಳಸುತ್ತಿನಲ್ಲಿ 8, ಇಪ್ಪತ್ತನಾಲ್ಕನೆಯದಕ್ಕೆ ಹಣ್ಣು. ಬಾಯಿ ಮೇಲಾಗಿ ಬಿದ್ದ ಕವಡೆಗಳನ್ನು ಎಣಿಸಬೇಕು. ನಾಲ್ಕೂ ಮೇಲಾದರೆ ನಾಲ್ಕು, ನಾಲ್ಕೂ ಮಗುಚಿದರೆ ಎಂಟು. ಈ ಎರಡಕ್ಕೂ ಮತ್ತೆ ಕವಡೆ ಬಿಡಬಹುದು. ಮನೆಮನೆಗೂ ನಿಯಮ ಕೊಂಚ ಬೇರೆ. ಕೂರುವ ಮೊದಲೇ ಒಪ್ಪಿಕೊಂಡರೆ ಜಗಳವಿಲ್ಲ.

ಇನ್ನು ಜಾಣತನದ ಮಾತು:

1. ಯಾವ ಗರ ಹೆಚ್ಚು? ಕವಡೆ ಎರಡೂ ಕಡೆಗೆ ಸಮನಾಗಿ ಬೀಳುತ್ತದೆಂದುಕೊಂಡರೆ, 16 ಸಲಕ್ಕೆ ಸರಾಸರಿ 6 ಸಲ ಎರಡು, 4 ಸಲ ಒಂದು, 4 ಸಲ ಮೂರು ಬೀಳುತ್ತದೆ. ನಾಲ್ಕು, ಎಂಟು ಒಂದೊಂದೇ ಸಲ. ನಿಮ್ಮ ಕವಡೆಯ ಗುಣ ಬೇರೆಯಿರಬಹುದು. ಐವತ್ತು ಸಲ ಬಿಟ್ಟು ಗುರುತು ಹಾಕಿ ನೋಡಿ.

2. ಹಿಂದೆ ತಿರುಗಿ ನೋಡಿ. ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದೇ ಎಲ್ಲಕ್ಕಿಂತ ಅಪಾಯ. ಒಂದು, ಮೂರು ಮನೆ ಅದಕ್ಕಿಂತ ಮೇಲು. ಐದು ಮನೆ ದಾಟಿದ್ದರೆ ಬಹುಮಟ್ಟಿಗೆ ನಿಶ್ಚಿಂತೆ.

3. ಮೂಲೆಯನ್ನು ನಂಬಬೇಡಿ. ಎದುರಾಳಿಯ ಮನೆ ದಾಟಿದ ಮೇಲೆ ಸಿಗುವ ಮೂಲೆ ಆ ಮನೆಯಿಂದ ಸರಿಯಾಗಿ ಎರಡನೆಯದು! ಅವರ ಕಾಯಿ ಮನೆಯಲ್ಲೇ ಕಾದಿದ್ದರೆ, ನೀವು ಹಿಂದಿನ ಕಟ್ಟೆಯಲ್ಲೇ ಕೂತು ಇನ್ನೊಂದು ಕಾಯಿ ನಡೆಸಿ.

4. ದೂರ ಬಂದದ್ದನ್ನು ಕಡಿಯಿರಿ. ಕಡಿಯಲು ಎರಡು ಕಾಯಿ ಸಿಕ್ಕರೆ ಹೆಚ್ಚು ದಾರಿ ನಡೆದದ್ದನ್ನೇ ಆರಿಸಿ. ಎದುರಾಳಿಗೆ ನಷ್ಟ ಜಾಸ್ತಿ. ಒಂದಾದರೂ ಕಡಿಯದೆ ಒಳಸುತ್ತಿಗೆ ಬಿಡದ ನಿಯಮವಿದ್ದರೆ ಮೊದಲ ಕಡಿತವನ್ನು ಮುಂದೂಡಬೇಡಿ.

5. ಕೊನೆಗೆ ಕಾಯಿಗಳನ್ನು ಬೇರೆಬೇರೆ ದೂರದಲ್ಲಿಡಿ. ಎರಡು ಕಾಯಿಯೂ ಹಣ್ಣಿಗೆ ಎರಡು ಹೆಜ್ಜೆಯಲ್ಲಿದ್ದರೆ 16ರಲ್ಲಿ 6 ಗರ ಮಾತ್ರ ಒಂದನ್ನು ನೇರ ಹಣ್ಣು ಮಾಡುತ್ತದೆ. ಒಂದು ಎರಡರಲ್ಲಿ, ಇನ್ನೊಂದು ಒಂದರಲ್ಲಿದ್ದರೆ 10 ಗರ ಉಪಯೋಗಕ್ಕೆ ಬರುತ್ತದೆ.

ಈ ಲೆಕ್ಕ ನಮ್ಮ ಜಗುಲಿಗಷ್ಟೇ ಸೀಮಿತವಲ್ಲ. ಎರಡು ದಾಳ ಹಾಕಿ ಆಡುವ ಪರದೇಶದ ಬ್ಯಾಕ್‌ಗಮನ್‌ನಲ್ಲೂ ಹೀಗೇ. ಅಲ್ಲಿ ಒಂಟಿ ಕಾಯಿ ಆರು ಮನೆ ಮುಂದಿದ್ದು ನಡುವೆ ತಡೆಯಿಲ್ಲದಿದ್ದರೆ 36ರಲ್ಲಿ 17 ಗರಕ್ಕೆ ಸಿಕ್ಕಿಬೀಳುತ್ತದೆ. ಏಳು ಮನೆ ಮುಂದಿದ್ದರೆ 6ಕ್ಕೆ ಮಾತ್ರ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ (1794–1868) ಮಣೆಯಾಟಗಳೆಂದರೆ ಪ್ರಾಣ. ತಾವೇ ಹೊಸ ಆಟಗಳನ್ನು ರಚಿಸಿದವರು ಅವರು.

ಒಂದು ಎಚ್ಚರಿಕೆ: ದುಡ್ಡಿನ ಪಣ ಬೇಡ. ಧರ್ಮರಾಯನ ಕಥೆ ಗೊತ್ತೇ ಇದೆ. ಸೋತವರು ಕಾಫಿ ಮಾಡಲಿ, ಅಷ್ಟೇ. ಮಕ್ಕಳನ್ನು ಬೇಕೆಂದೇ ಗೆಲ್ಲಿಸುವುದೂ ಬೇಡ. "ಈ ಕಾಯಿ ಯಾಕೆ ನಡೆಸಿದೆ, ಪುಟ್ಟಾ?" ಎಂದು ಕೇಳಿ. ಉತ್ತರ ಹುಡುಕುತ್ತಾ ಅವರು ಲೆಕ್ಕವನ್ನೂ ಕಲಿಯುತ್ತಾರೆ, ಸೋಲು ತಾಳುವುದನ್ನೂ ಕಲಿಯುತ್ತಾರೆ. ಇನ್ನು ನೀವು ಗೆದ್ದಾಗ ಯಾರಾದರೂ "ಅದೃಷ್ಟ" ಅಂದರೆ, ಮೂಲೆಮನೆಯ ಲೆಕ್ಕ ಒಂದಿಷ್ಟು ಹೇಳಿಕೊಡಿ!